ಚೀಂವ್ ನಿವಾರಣೆ ಹಾಗೂ ಧರ್ಮಪತ್ನಿಯವರ ವಾಪಸಾತಿ ಕುರಿತು

ವಸತಿಗೃಹ ನಿರ್ವಹಣೆ ಹಾಗೂ ಅನಪೇಕ್ಷಿತ ಶಬ್ದಗಳ ಇಲಾಖೆ
ಉಪನಿರ್ದೇಶಕರ ಕಚೇರಿ, ಎರಡನೆಯ ಮಹಡಿ (ಮೆಟ್ಟಿಲು ದುರಸ್ತಿಯಲ್ಲಿರುವ ಕಡೆಯದು)

ಸಂಖ್ಯೆ: ವನಿಅಶ/ಹೊ.ಅ/ಚೀಂವ್/ಪುನಃ ಚೀಂವ್/ತಿದ್ದುಪಡಿ
ದಿನಾಂಕ: (ದಿನಾಂಕದ ಮೊಹರು ರಿಪೇರಿಗೆ ಹೋಗಿದೆ, ಬಂದ ಮೇಲೆ ಒತ್ತಲಾಗುವುದು)

ಸುತ್ತೋಲೆ

ವಿಷಯ: ನೌಕರರ ವಸತಿಗೃಹಗಳ ಹೊಗೆ ಅಲಾರಂಗಳು ಬಿಟ್ಟೂ ಬಿಡದೆ ‘ಚೀಂವ್’ ಎನ್ನುವುದನ್ನು ನಿವಾರಿಸುವ ಬಗ್ಗೆ, ಹಾಗೂ ಅದೇ ಕಾರಣಕ್ಕೆ ತಂಗಿಯ ಮನೆಗೆ ತೆರಳಿರುವ ಉಪನಿರ್ದೇಶಕರ ಧರ್ಮಪತ್ನಿಯವರನ್ನು ವಾಪಸು ಕರೆತರುವ ಬಗ್ಗೆ.

ಉಲ್ಲೇಖ:
೧. ಇದೇ ಕಚೇರಿಯ ಸುತ್ತೋಲೆ, ‘ಚೀಂವ್ ಕೇಳಿಸಿದಲ್ಲಿ ಗಾಬರಿಯಾಗತಕ್ಕದ್ದಲ್ಲ’.
೨. ಸದರಿ ಸುತ್ತೋಲೆಗೆ ತಿದ್ದುಪಡಿ, ‘ಗಾಬರಿಯಾಗಬಹುದು, ಆದರೆ ಪೂರ್ವಾನುಮತಿ ಪಡೆದು’.
೩. ಧರ್ಮಪತ್ನಿಯವರ ಮೌಖಿಕ ದೂರು.
೪. ಅದೇ ದೂರು, ಇನ್ನೂ ಗಟ್ಟಿಯಾಗಿ.
೫. ನಾದಿನಿಯವರ ದೂರವಾಣಿ ಕರೆ.

ಪ್ರಸ್ತಾವನೆ

ನೌಕರರ ವಸತಿಗೃಹಗಳ ಚಾವಣಿಗೆ ಹೊಗೆ ಅಲಾರಂ ಎಂಬ ಬಿಳಿಯ ದುಂಡನೆಯ ಉಪಕರಣವನ್ನು (ಇನ್ನು ಮುಂದೆ ‘ಸದರಿ ಯಂತ್ರ’, ಮನೆಯವರು ಅದನ್ನು ಏನೆಂದು ಕರೆಯುತ್ತಾರೆಂಬುದು ಕಡತದಲ್ಲಿ ಬರೆಯುವಂಥದ್ದಲ್ಲ) ಅಳವಡಿಸಿರುವುದು ಸರಿಯಷ್ಟೆ. ಹೊಗೆ ಬಂದಾಗ ಸದರಿ ಯಂತ್ರವು ಬೀದಿಗೆಲ್ಲ ಕೇಳುವಂತೆ ಅರಚುತ್ತದೆ. ಇದರ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಒಳಗಿನ ಬ್ಯಾಟರಿ ಸೊರಗಿದಾಗ ಮಾತ್ರ ಅದು ಅರಚದೆ, ಆಗೊಮ್ಮೆ ಈಗೊಮ್ಮೆ ‘ಚೀಂವ್’ ಎಂದು ಸುಮ್ಮನಾಗುತ್ತದೆ. ಮತ್ತೆ ಯಾವಾಗ ಅನ್ನುತ್ತದೋ ಎಂದು ಮನೆಯವರೆಲ್ಲ ಕಿವಿ ನಿಮಿರಿಸಿ ಕೂತಾಗ ಅನ್ನುವುದಿಲ್ಲ. ‘ಸದ್ಯ, ನಿಂತ್ಹೋಯ್ತು’ ಎಂದು ಯಾರಾದರೂ ಬಾಯಿಬಿಟ್ಟ ಕೂಡಲೇ ಅನ್ನುತ್ತದೆ.

ಇಂಥ ಚೀಂವ್ ಸ್ವತಃ ಉಪನಿರ್ದೇಶಕರ ವಸತಿಗೃಹದಲ್ಲಿ ಉದ್ಭವಿಸಿ, ಇಲಾಖೆಯ ಎಲ್ಲ ಕ್ರಮಗಳ ನಂತರವೂ (ಕೆಲವರ ಪ್ರಕಾರ ಎಲ್ಲ ಕ್ರಮಗಳಿಂದಾಗಿಯೇ) ಮುಂದುವರಿದ ಕಾರಣ, ಅವರ ಧರ್ಮಪತ್ನಿಯವರು ಸೂಟ್‌ಕೇಸ್ ಸಮೇತ ಮನೆ ಬಿಟ್ಟಿರುತ್ತಾರೆ. ಅವರು ಹಿಂದಿರುಗಬೇಕೆಂಬುದೇ ಈ ಸುತ್ತೋಲೆಯ ಉದ್ದೇಶ, ಉಳಿದದ್ದೆಲ್ಲ ಮಾರ್ಗಸೂಚಿ. ಆದುದರಿಂದ ಸಮಸ್ತ ನಿವಾಸಿಗಳಿಗೆ ಈ ಮೂಲಕ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

೧. ಚೀಂವ್‌ನ ವ್ಯಾಖ್ಯೆ

ಚೀಂವ್ ಎಂದರೆ ಸದರಿ ಯಂತ್ರವು ಹೊರಡಿಸುವ ಒಂಟಿ, ಸಣ್ಣ, ನಿರ್ದಾಕ್ಷಿಣ್ಯ ಶಬ್ದ. ಗುಬ್ಬಿ, ಮಂಚದ ಕಾಲು, ಹೊಸ ಚಪ್ಪಲಿ ಹಾಗೂ ಮೇಲ್ಮಹಡಿಯ ಮಗುವಿನ ಒತ್ತಿದರೆ ಕಿರುಚುವ ಬಾತುಕೋಳಿ, ಇವುಗಳ ಶಬ್ದವನ್ನು ಚೀಂವ್ ಎಂದು ಪರಿಗಣಿಸತಕ್ಕದ್ದಲ್ಲ. ಸಂಶಯವಿದ್ದವರು ಕಚೇರಿಗೆ ಬಂದು ಮಾದರಿ ಚೀಂವ್ ಕೇಳಿ ಹೋಗಬಹುದು. ಊಟದ ವಿರಾಮ ಹೊರತುಪಡಿಸಿ, ಮಾದರಿ ಚೀಂವ್ ಅನ್ನು ರವಾನೆ ಶಾಖೆಯ ಗುಮಾಸ್ತರು, ಅಂದರೆ ಕಚೇರಿಯಲ್ಲಿ ‘ರೇಡಿಯೊ’ ಎಂದು ಕರೆಯಲ್ಪಡುವವರು, ಬಾಯಿಂದ ಒದಗಿಸುತ್ತಾರೆ. ಇವರು ಉಪನಿರ್ದೇಶಕರ ಕೆಮ್ಮನ್ನೂ ಒದಗಿಸಬಲ್ಲರೆಂದು ತಿಳಿದುಬಂದಿದ್ದು, ಅದಕ್ಕೆ ಯಾರೂ ಬೇಡಿಕೆ ಸಲ್ಲಿಸತಕ್ಕದ್ದಲ್ಲ.

೨. ಕಳಚಿದ ಯಂತ್ರದ ಪಾಲನೆ

ಉಪನಿರ್ದೇಶಕರ ಮನೆಯ ಹಳೆಯ ಯಂತ್ರವು ಚೀಂವ್ ಎಂದ ಕೂಡಲೇ ಅದನ್ನು ಕಳಚಿ ಹೊಸದನ್ನು ಅಳವಡಿಸಲಾಯಿತು. ಕಳಚಿದ್ದರ ಬಗ್ಗೆ ನಿಯಮ ಹೀಗಿದೆ:

(ಅ) ವಿಲೇವಾರಿ ಸಮಿತಿಯು ಕಣ್ಣಾರೆ ನೋಡುವವರೆಗೆ ಅದನ್ನು ಕಳಚಿದ ಸ್ಥಿತಿಯಲ್ಲೇ, ಅಂದರೆ ಬ್ಯಾಟರಿ ಸಮೇತ, ಕಾಪಾಡತಕ್ಕದ್ದು.
(ಆ) ಬೀಗ ಹಾಕಬಹುದಾದ ಜಾಗದಲ್ಲಿ ಇಡತಕ್ಕದ್ದು.
(ಇ) ಇಟ್ಟ ಜಾಗವನ್ನು ಅನ್ಯರಿಗೆ ತಿಳಿಸತಕ್ಕದ್ದಲ್ಲ.

ಅದರಂತೆ ಉಪನಿರ್ದೇಶಕರು ಹಳೆಯ ಯಂತ್ರವನ್ನು ಒಂದು ಕೈ ಒರೆಸುವ ಟವೆಲ್ಲಿನಲ್ಲಿ ಸುತ್ತಿ, ಮಲಗುವ ಕೋಣೆಯ ಬೀರುವಿನಲ್ಲಿದ್ದ ಖಾಲಿ ಸೂಟ್‌ಕೇಸಿನ ಮುಚ್ಚಳದ ಒಳಜೇಬಿಗೆ ತುರುಕಿ, ಜೇಬಿನ ಜಿಪ್ಪಿಗೆ ಪುಟ್ಟ ಬೀಗ ಹಾಕಿ, ಕೀಲಿಯನ್ನು ತಮ್ಮ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಇಲಾಖೆಯಲ್ಲಿ ನೌಕರಿಯಿಲ್ಲದವರೆಲ್ಲ ‘ಅನ್ಯರು’ ಎಂದು ವ್ಯಾಖ್ಯೆ ಇರುವ ಕಾರಣ ಧರ್ಮಪತ್ನಿಯವರಿಗೆ ತಿಳಿಸಲಾಗಲಿಲ್ಲ. ಅಂದೇ ಸದರಿ ಹಳೆಯ ಯಂತ್ರವನ್ನು ದಾಸ್ತಾನಿನಿಂದ ಕೈಬಿಡಲಾಯಿತು. ದಾಸ್ತಾನಿನಲ್ಲಿ ಇಲ್ಲದ ವಸ್ತುವಿಗೆ ಶಬ್ದ ಮಾಡಲು ಅವಕಾಶವಿರುವುದಿಲ್ಲ ಎಂಬುದು ಇಲಾಖೆಯ ಅಂದಿನ ನಿಲುವು.

೩. ಬ್ಯಾಟರಿ ಬದಲಾವಣೆ

ಹಳೆಯದನ್ನು ಹೀಗೆ ಬೀರುವಿಗೆ ಸೇರಿಸಿ, ಹೊಸ ಯಂತ್ರವನ್ನು ಅಳವಡಿಸಿ ಏಣಿಯಿಂದ ಇಳಿಯುವಷ್ಟರಲ್ಲಿ ಮತ್ತೆ ಚೀಂವ್ ಕೇಳಿಸಿತು. ಹೊಸ ಬ್ಯಾಟರಿಗೆ ಅರ್ಜಿ ಹಾಕಬೇಕಾದವರು ನಿವಾಸಿ, ಅಂದರೆ ಉಪನಿರ್ದೇಶಕರು. ಶಿಫಾರಸು ಮಾಡಬೇಕಾದವರು ಉಪನಿರ್ದೇಶಕರು. ಮಂಜೂರು ಮಾಡಬೇಕಾದ ಜಂಟಿ ನಿರ್ದೇಶಕರ ಹುದ್ದೆ ಖಾಲಿಯಿದ್ದು, ಅದರ ಪ್ರಭಾರ ವಹಿಸಿಕೊಂಡಿರುವವರೂ ಉಪನಿರ್ದೇಶಕರು. ಮೂವರ ನಡುವಿನ ಪತ್ರವ್ಯವಹಾರ ಸೌಹಾರ್ದದಿಂದಲೇ ಆರಂಭವಾಯಿತಾದರೂ, ಪ್ರಭಾರ ಜಂಟಿ ನಿರ್ದೇಶಕರು ‘ಬ್ಯಾಟರಿ ಸೊರಗಿದೆ ಎಂಬುದಕ್ಕೆ ಪುರಾವೆ ಏನು?’ ಎಂದು ಷರಾ ಬರೆದು ಅರ್ಜಿಯನ್ನು ಹಿಂದಿರುಗಿಸಿದ್ದರಿಂದ ನಿವಾಸಿಯು ಮನನೊಂದು ಊಟ ಬಿಟ್ಟರು.

‘ಯಾರ ಮೇಲೆ ರೀ ಕೋಪ?’ ಎಂದು ಧರ್ಮಪತ್ನಿಯವರು ವಿಚಾರಿಸಿರುತ್ತಾರೆ.

‘ಮೇಲಿನವರು ನಾನು ಹೇಳಿದ್ದನ್ನ ಕಿವಿಗೇ ಹಾಕ್ಕೊಳ್ಳಲ್ಲ ಕಣೇ.’

‘ಓಹೋ. ಹಾಗಾದ್ರೆ ಹೇಗಿರುತ್ತೆ ಅಂತ ಈಗ ಗೊತ್ತಾಯ್ತಲ್ಲ, ಊಟ ಮಾಡಿ.’

ಈ ಹೇಳಿಕೆಯ ಅರ್ಥವನ್ನು ಆಗ ಪರಿಶೀಲಿಸಲಾಗಿರುವುದಿಲ್ಲ. ಕೊನೆಗೆ ಮೂವರೂ ರಾಜಿಯಾಗಿ ಬ್ಯಾಟರಿ ಬದಲಿಸಲಾಯಿತು. ಚೀಂವ್ ನಿಲ್ಲಲಿಲ್ಲ. ಬದಲಿಸಿದ್ದನ್ನೂ ಬದಲಿಸಲಾಯಿತು. ನಿಲ್ಲಲಿಲ್ಲ. ಈ ಸಂಬಂಧ ನಿವಾಸಿಗಳಿಗೆ ಸೂಚಿಸುವುದೇನೆಂದರೆ, ಬ್ಯಾಟರಿ ಬದಲಿಸುವಾಗ ಏಣಿ ಹಿಡಿದವರು ಏಣಿ ಹತ್ತಿದವರಿಗೆ ಸಲಹೆ ಕೊಡತಕ್ಕದ್ದಲ್ಲ. ಕೊಟ್ಟಲ್ಲಿ, ಹತ್ತಿದವರು ‘ಗೊತ್ತು, ಗೊತ್ತು’ ಎಂದು ಎರಡು ಬಾರಿ ಹೇಳತಕ್ಕದ್ದು. (ಈ ಸೂಚನೆಯ ಗತಿ ಏನಾಯಿತೆಂಬುದಕ್ಕೆ ಕಂಡಿಕೆ ೧೨ ನೋಡುವುದು.)

೪. ಬೀರು ಕುರಿತ ದೂರು

ಏಣಿ ಹಿಡಿದಿದ್ದ ಧರ್ಮಪತ್ನಿಯವರು ಸಲ್ಲಿಸಿದ ದೂರಿನ ಯಥಾಪ್ರತಿ: ‘ರೀ, ಅದು ಮೇಲಿಂದ ಬರ್ತಿಲ್ಲ. ಬೀರು ಒಳಗಿಂದ ಬರ್ತಿದೆ. ಕಿವಿ ಇಟ್ಟು ಕೇಳಿದೀನಿ. ಇಳೀರಿ ಕೆಳಗೆ.’

ದೂರಿನ ನಮೂನೆಯಲ್ಲಿ ‘ಶಬ್ದದ ಸ್ಥಳ’ ಎಂಬುದರ ಮುಂದೆ ‘ಚಾವಣಿ’ ಎಂದು ಮೊದಲೇ ಅಚ್ಚಾಗಿರುವುದರಿಂದ, ಬೀರುವಿನ ಶಬ್ದವು ಹೊಗೆ ಅಲಾರಂ ಶಬ್ದವಾಗಲಾರದೆಂದು ತೀರ್ಮಾನಿಸಿ, ದೂರನ್ನು ಬಡಗಿ ವಿಭಾಗಕ್ಕೆ ವರ್ಗಾಯಿಸಲಾಯಿತು. ಹಿಂಬರಹವನ್ನು ದೂರುದಾರರಿಗೆ ಏಣಿಯ ಮೇಲಿಂದಲೇ ನೀಡಲಾಯಿತು: ‘ನೀನು ಸುಮ್ನಿರು. ಬೀರು ಅಲಾರಂ ಅಲ್ಲ.’

ದೂರುದಾರರು ಸುಮ್ಮನಿರಲಿಲ್ಲ. ಬೀರುವಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು ಹುಡುಕಿದರು. ಸೂಟ್‌ಕೇಸನ್ನು ಎತ್ತಿ ಅಲ್ಲಾಡಿಸಿಯೂ ನೋಡಿದರು. ಟವೆಲ್ ಸುತ್ತಿದ್ದರಿಂದ ಒಳಗೆ ಏನೂ ಗಡಗಡ ಎನ್ನಲಿಲ್ಲ. ಕೈಯಲ್ಲಿ ಹಿಡಿದಿದ್ದಷ್ಟು ಹೊತ್ತೂ ಯಂತ್ರವು ಚೀಂವ್ ಎನ್ನಲೂ ಇಲ್ಲ. ಉಪನಿರ್ದೇಶಕರು ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡುತ್ತ ಗೌಪ್ಯತೆಯನ್ನು ಕಾಪಾಡಿದರೆಂದು ದಾಖಲಿಸಲಾಗಿದೆ.

೫. ಬಡಗಿ ವಿಭಾಗದ ವರದಿ

ಬಡಗಿಯವರು ಬೀರುವಿನ ಕದವನ್ನು ತೆಗೆದು ಹಾಕಿ, ತೆಗೆದು ಹಾಕಿ, ‘ಇದು ಕೀಲಿನ ಬಾಧೆ ಸ್ವಾಮಿ. ಪಾಪ, ಎಣ್ಣೆ ಕಂಡು ಯಾವ ಕಾಲ ಆಯ್ತೋ’ ಎಂದು ಮರುಗಿ, ಧಾರಾಳವಾಗಿ ಎಣ್ಣೆ ಬಿಟ್ಟರು. ಕದ ಮುಚ್ಚಿ ಎಲ್ಲರೂ ದೂರ ನಿಂತಾಗ ಒಳಗಿನಿಂದ ಚೀಂವ್ ಎಂದಿತು. ಬಡಗಿಯವರು ಕಣ್ಣು ಮುಚ್ಚಿ ತಲೆದೂಗಿ, ‘ಕೇಳಿದ್ರಾ? ಈಗ ಎಷ್ಟು ನುಣ್ಣಗಿದೆ!’ ಎಂದರು. ಕೆಲಸ ತೃಪ್ತಿಕರವಾಗಿದೆಯೆಂದು ಪ್ರಮಾಣೀಕರಿಸಲಾಗಿದೆ. ‘ಎಣ್ಣೆ ಬಿಡ್ಬೇಕಾಗಿದ್ದು ಬೀರುಗಲ್ಲ, ಇವರ ಕಿವಿಗೆ’ ಎಂಬ ಧರ್ಮಪತ್ನಿಯವರ ಅಭಿಪ್ರಾಯವು ಬಡಗಿ ವಿಭಾಗದ ವ್ಯಾಪ್ತಿಗೆ ಬಾರದ ಕಾರಣ ಕೈಬಿಡಲಾಗಿದೆ.

೬. ಶಬ್ದಮೂಲ ಪತ್ತೆ ತಂಡ

ಕಚೇರಿಯ ಸಿಬ್ಬಂದಿಯನ್ನು ಮನೆಗೆ ಕರೆಸಿ, ಕೋಣೆಗೊಬ್ಬರಂತೆ ಸ್ಟೂಲಿನ ಮೇಲೆ ನಿಲ್ಲಿಸಿ, ಚಾವಣಿಗೆ ಕಿವಿ ಕೊಡುವಂತೆ ಆದೇಶಿಸಲಾಯಿತು. ತಂಡದವರು ಸರದಿಯ ಮೇಲೆ ಉಸಿರಾಡತಕ್ಕದ್ದು. ಹೊಟ್ಟೆ ಗುರುಗುಟ್ಟಿದವರು ಕೂಡಲೇ ಕೈಯೆತ್ತಿ ಒಪ್ಪಿಕೊಳ್ಳತಕ್ಕದ್ದು. ಸೀನು ಬರುವವರು ಮೊದಲೇ ರಜೆ ಹಾಕತಕ್ಕದ್ದು.

‘ಬೀರುಗೂ ಒಬ್ಬರನ್ನ ನಿಲ್ಸಿ’ ಎಂದು ಧರ್ಮಪತ್ನಿಯವರು ಕೋರಿದರು. ಬೀರುವು ಕೋಣೆಯಲ್ಲವಾದ್ದರಿಂದಲೂ, ಅದಕ್ಕೆ ಕಿಟಕಿ ಇಲ್ಲವಾದ್ದರಿಂದಲೂ, ಒಳಗೆ ಸ್ಟೂಲು ಹಿಡಿಸದಾದ್ದರಿಂದಲೂ ಕೋರಿಕೆಯನ್ನು ತಿರಸ್ಕರಿಸಲಾಯಿತು.

ಹೋಲಿಸಿ ನೋಡಲೆಂದು ರೇಡಿಯೊ ಅವರನ್ನೂ ಕರೆಸಲಾಗಿತ್ತು. ಅಡುಗೆಮನೆಯ ಸ್ಟೂಲಿನ ಮೇಲೆ ನಿಂತೂ ನಿಂತೂ ಬೇಜಾರಾಗಿ ಅವರು ಒಂದು ಮಾದರಿ ಚೀಂವ್ ಬಿಟ್ಟರು. ಇಡೀ ತಂಡ ಅಡುಗೆಮನೆಗೆ ನುಗ್ಗಿತು. ಮೇಲ್ಮಹಡಿ, ಕೆಳಮಹಡಿ, ಎದುರುಮನೆಯವರೆಲ್ಲ ತಮ್ಮದೇ ಯಂತ್ರ ಕೂಗಿತೆಂದು ಬ್ಯಾಟರಿ ಹಿಡಿದು ಮೆಟ್ಟಿಲಿಗೆ ಬಂದರು. ಉಪನಿರ್ದೇಶಕರು ಸಿಟ್ಟಾದಾಗ ರೇಡಿಯೊ ಅವರು ನೀಡಿದ ಹೇಳಿಕೆ: ‘ಸಾರ್, ಒಂದೇ ಒಂದು ನನ್ನದು. ಉಳಿದಿದ್ದೆಲ್ಲ ಒರಿಜಿನಲ್. ಬೇಕಾದ್ರೆ ಅಮ್ಮಾವರನ್ನ ಕೇಳಿ.’ ಅಮ್ಮಾವರನ್ನು ಕೇಳಲಾಗಿರುವುದಿಲ್ಲ. ಸದರಿ ಮನೆಯಲ್ಲಿ ಚೀಂವ್‌ಗಳು ಎರಡಿದ್ದು, ಪೈಕಿ ಒಂದು ಖಾಯಂ ನೌಕರ ಎಂದು ತಂಡ ವರದಿ ಸಲ್ಲಿಸಿದೆ.

೭. ಊಟದ ಮೇಜಿನ ಘಟನೆ

ಧರ್ಮಪತ್ನಿಯವರು ಊಟಕ್ಕೆ ಬಡಿಸಿ ಕರೆದಾಗ ಉಪನಿರ್ದೇಶಕರು ಕೂರದೆ, ಮೇಜಿನ ಮೇಲೆ ತಟ್ಟೆಗಳ ನಡುವೆ ಕಾಲಿಟ್ಟು ಹತ್ತಿ, ಹೊಸ ಯಂತ್ರದ ಪರೀಕ್ಷಾ ಗುಂಡಿಯನ್ನು ಒತ್ತಿದರು. ಯಂತ್ರವು ಅರಚಿತು. ಚಾವಣಿಯ ಧೂಳು ಬಡಿಸಿದ ತಟ್ಟೆಗಳಿಗೆ ಉದುರಿತು. ಅರಚಾಟ ನಿಂತ ಮರುಕ್ಷಣ, ಮಲಗುವ ಕೋಣೆಯಿಂದ ಮೆಲ್ಲಗೆ ಚೀಂವ್ ಎಂದಿತು.

‘ಈಗಲಾದ್ರೂ ಕೇಳಿಸ್ತಾ? ಬೀರು!’

‘ತಡಿ ತಡಿ, ಇದಕ್ಕೆ ಇನ್ನೊಂದು ಬ್ಯಾಟರಿ ಹಾಕಿ ನೋಡೋಣ.’

ಆಗ ಧರ್ಮಪತ್ನಿಯವರು ನೀಡಿದ ಅಂತಿಮ ಹೇಳಿಕೆ: ‘ಆ ಡಬ್ಬಿ ಒಂದ್ಸಲ ಚೀಂವ್ ಅಂದ್ರೆ ಏಣಿ ತರ್ತೀರಿ, ಮೇಜು ಹತ್ತುತ್ತೀರಿ, ಕಚೇರಿಗೆ ಕಚೇರೀನೇ ಮನೆಗೆ ಕರ್ಕೊಂಡ್ಬರ್ತೀರಿ. ನಾನು ಬಾಯಿ ನೋಯೋ ಹಾಗೆ ಹೇಳಿದ್ರೆ ತಲೆ ಕೂಡ ತಿರುಗಿಸಲ್ಲ. ಆಯ್ತು ಬಿಡಿ, ಅದರ ಜೊತೇಲೇ ಸಂಸಾರ ಮಾಡ್ಕೊಂಡಿರಿ. ನಾನು ಹೇಳಿದ್ದು ಕಿವಿಗೆ ಬೀಳೋ ಹಾಗಾದಾಗ ಹೇಳಿ ಕಳಿಸಿ, ಬರ್ತೀನಿ.’

ಹೀಗೆಂದು ಬೀರುವಿನಿಂದ ಸೂಟ್‌ಕೇಸನ್ನು ಎಳೆದು, ಮಂಚದ ಮೇಲಿದ್ದ ಬಟ್ಟೆಯನ್ನು ಬಾಚಿ ತುಂಬಿ, ತಂಗಿಯ ಮನೆಗೆ ಹೊರಟುಹೋದರು. ಉಪನಿರ್ದೇಶಕರು ಮೇಜಿನ ಮೇಲೆಯೇ ಇದ್ದರು. ಇಳಿಯುವಾಗ ಕೈ ಕೊಡಲು ಯಾರೂ ಇರಲಿಲ್ಲ. ಇನ್ನು ಮುಂದೆ ಊಟದ ಮೇಜನ್ನು ಏಣಿಯಾಗಿ ಬಳಸುವವರು ಹತ್ತುವ ಮುನ್ನ ಕ್ರಮವಾಗಿ ತಟ್ಟೆಗಳನ್ನು, ನಂತರ ಬಡಿಸಿದವರ ಮುಖವನ್ನು ನೋಡತಕ್ಕದ್ದು.

೮. ಯಶಸ್ಸು

ಧರ್ಮಪತ್ನಿಯವರು ತೆರಳಿದ ಕ್ಷಣದಿಂದ ಮನೆಯಲ್ಲಿ ಚೀಂವ್ ಸಂಪೂರ್ಣ ನಿಂತಿತು. ಇದನ್ನು ವೈಜ್ಞಾನಿಕವಾಗಿ ವಿಶ್ಲೇಷಿಸಿದ ಇಲಾಖೆಯು, ‘ಚೀಂವ್ ಕೇಳಿಬರುವ ಮನೆಗಳಿಂದ ಒಬ್ಬ ಸದಸ್ಯರನ್ನು ಪ್ರಾಯೋಗಿಕವಾಗಿ ಬಂಧುಗಳ ಮನೆಗೆ ಕಳುಹಿಸಿ ನೋಡತಕ್ಕದ್ದು’ ಎಂದು ತುರ್ತು ಸೂಚನೆ ಹೊರಡಿಸಿತು. ಈ ಸೂಚನೆಗೆ ಅಭೂತಪೂರ್ವ ಸ್ಪಂದನೆ ದೊರೆತಿದ್ದು, ಚೀಂವ್ ಇಲ್ಲದ ಮನೆಗಳಿಂದಲೂ ಅರ್ಜಿಗಳು ಬಂದವು. ಹೆಚ್ಚಿನವು ಗೃಹಿಣಿಯರವು, ಯಜಮಾನರನ್ನು ಕಳುಹಿಸುವ ಕುರಿತು.

೯. ನಿಶ್ಶಬ್ದದ ಪರಿಣಾಮಗಳು

ಶಬ್ದವಿಲ್ಲದ ಮನೆಯಲ್ಲಿ ಉಪನಿರ್ದೇಶಕರು ಹಾಲು ಕಾಯಿಸಲಿಟ್ಟು ಕಡತ ಓದುತ್ತ ಕುಳಿತಿದ್ದರಿಂದ ಹಾಲು ಸೀದು ಹೊಗೆಯೆದ್ದು, ಹೊಸ ಯಂತ್ರವು ನಿಯಮಾನುಸಾರ ಅರಚಿತು. ಯಂತ್ರದಲ್ಲಿ ಯಾವ ದೋಷವೂ ಇಲ್ಲವೆಂಬುದು ಇದರಿಂದ ಸಾಬೀತಾಯಿತು. ‘ನೋಡಿದ್ಯಾ, ಸರಿಯಾಗೇ ಇದೆ!’ ಎಂದು ಸಂತೋಷದಿಂದ ಕೂಗುತ್ತ ಅವರು ಕೋಣೆಗೆ ಓಡಿಹೋದರು. ಕೋಣೆಯಲ್ಲಿ ಬಾಗಿಲು ತೆರೆದ ಬೀರು ಮಾತ್ರ ಇತ್ತು. ಅದಾದ ಮೇಲೆ ಅವರು ಹೊಗೆಯಿಲ್ಲದೆಯೂ ಒಮ್ಮೆ ಪರೀಕ್ಷಾ ಗುಂಡಿಯನ್ನು ಒತ್ತಿರುವುದು ಗಮನಕ್ಕೆ ಬಂದಿದೆ. ಕಾರಣ ಕೇಳಲಾಗಿ, ‘ಮನೆ ತೀರಾ ಸುಮ್ಮನಿತ್ತು’ ಎಂದು ಲಿಖಿತ ಸಮಜಾಯಿಷಿ ನೀಡಿರುತ್ತಾರೆ. ಪ್ರಭಾರ ಜಂಟಿ ನಿರ್ದೇಶಕರು ಇದನ್ನು ಮೊದಲ ಓದಿನಲ್ಲೇ ಒಪ್ಪಿರುತ್ತಾರೆ.

೧೦. ನಾದಿನಿಯವರ ದೂರವಾಣಿ ಕರೆ

‘ಭಾವ, ನೀವು ಅಕ್ಕನ್ನ ಕಳಿಸಿದ್ರೋ, ನಿಮ್ಮ ಇಲಾಖೇನ ಕಳಿಸಿದ್ರೋ? ಅವಳು ಸುಮ್ಮನಾದ್ರೂ ಅವಳ ಸೂಟ್‌ಕೇಸ್ ಸುಮ್ಮನಾಗ್ತಿಲ್ಲ. ನಮ್ಮನೇಲಿ ಅಲಾರಮ್ಮೇ ಇಲ್ಲ ಭಾವ! ನಮ್ಮವರು ಆಗಲೇ ಏಣಿ ಹುಡುಕ್ತಾ ಇದಾರೆ.’

ಹಿಂದಿನಿಂದ ಧರ್ಮಪತ್ನಿಯವರ ಧ್ವನಿ: ‘ಏಣಿ ಬೇಡ ಅನ್ನು. ಮುಚ್ಚಳದ ಜೇಬಿಗೆ ಬೀಗ ಹಾಕಿದ್ಯಾರು ಅಂತ ಕೇಳು.’

‘ಅದು… ನಿಯಮ. ಇಟ್ಟ ಜಾಗ ಗೌಪ್ಯ.’

‘ಯಾರಿಗೆ ಗೌಪ್ಯ ಅಂತ ಕೇಳು.’

‘ಅನ್ಯರಿಗೆ.’

ಅನಂತರ ದೂರವಾಣಿಯಲ್ಲಿ ಚೀಂವ್ ಒಮ್ಮೆ ಸ್ಪಷ್ಟವಾಗಿ ಕೇಳಿಸಿರುತ್ತದೆ. ಬಳಿಕ ಧರ್ಮಪತ್ನಿಯವರು ತಂಗಿಯ ಅಡುಗೆಮನೆಯ ಕತ್ತರಿಯಿಂದ ಸೂಟ್‌ಕೇಸಿನ ಜೇಬನ್ನು ಸೀಳಿ, ಟವೆಲ್ ಬಿಚ್ಚಿ, ಹಳೆಯ ಯಂತ್ರದ ಬೆನ್ನು ತೆರೆದು ಬ್ಯಾಟರಿಯನ್ನು ಕಿತ್ತರು. ಅರ್ಜಿ ಇರಲಿಲ್ಲ, ಶಿಫಾರಸು ಇರಲಿಲ್ಲ, ಏಣಿ ಇರಲಿಲ್ಲ. ‘ನಿಂತಿತು ಅಂತ ಹೇಳು. ಫೋನ್ ಇಡು’ ಎಂಬುದು ಕರೆಯ ಕೊನೆಯ ಭಾಗ.

೧೧. ತೀರ್ಮಾನ

ದೂರುದಾರರು ಮೊದಲ ದೂರಿನಲ್ಲೇ ಹೇಳಿದ್ದು ಸರಿಯಾಗಿತ್ತು. ಈ ಕಂಡಿಕೆಗೆ ಉಪಕಂಡಿಕೆಗಳಿಲ್ಲ.

೧೨. ಆದೇಶ

ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಅಲಾರಂ ಕಳಚಿದ ಕೂಡಲೇ ಅದರ ಬ್ಯಾಟರಿಯನ್ನು ತೆಗೆಯತಕ್ಕದ್ದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. (ಈ ವಾಕ್ಯ ಬರೆಯಲು ಪ್ರಭಾರ ಜಂಟಿ ನಿರ್ದೇಶಕರ ಅನುಮತಿ ಪಡೆಯಲಾಗಿದೆ.)

(ಆ) ದೂರಿನ ನಮೂನೆಯಲ್ಲಿ ‘ಚಾವಣಿ’ ಎಂಬುದನ್ನು ಹೊಡೆದುಹಾಕಿ ‘ಮನೆಯವರು ಹೇಳಿದ ಕಡೆ’ ಎಂದು ಓದಿಕೊಳ್ಳತಕ್ಕದ್ದು.

(ಇ) ಏಣಿ ತರುವ ಮುನ್ನ, ಮನೆಯಲ್ಲಿರುವವರನ್ನು ‘ಎಲ್ಲಿಂದ ಬರ್ತಿದೆ?’ ಎಂದು ಕೇಳತಕ್ಕದ್ದು. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಅಲ್ಲೇ ನಿಲ್ಲತಕ್ಕದ್ದು. ಕಂಡಿಕೆ ೩ರ ‘ಗೊತ್ತು, ಗೊತ್ತು’ ರದ್ದಾಗಿದೆ.

(ಈ) ‘ಅನ್ಯರು’ ಎಂಬ ಪದದ ವ್ಯಾಪ್ತಿಯಿಂದ ಧರ್ಮಪತ್ನಿಯವರನ್ನು ಕೈಬಿಡಲಾಗಿದೆ. ಈ ತಿದ್ದುಪಡಿಯು ಮದುವೆಯ ದಿನದಿಂದ ಪೂರ್ವಾನ್ವಯವಾಗುತ್ತದೆ.

(ಉ) ಕಂಡಿಕೆ ೮ರ ತುರ್ತು ಸೂಚನೆಯನ್ನು ಹಿಂಪಡೆಯಲಾಗಿದೆ. ಬಂಧುಗಳ ಮನೆಗೆ ಕಳುಹಿಸಲ್ಪಟ್ಟ ಯಜಮಾನರೆಲ್ಲ ಕೂಡಲೇ ಹಿಂದಿರುಗತಕ್ಕದ್ದು. ಅವರ ಮನೆಯವರು ಕಾಲಾವಕಾಶ ಕೋರಿದಲ್ಲಿ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.

(ಊ) ಹಳೆಯ ಯಂತ್ರವನ್ನು ವಶಕ್ಕೆ ಪಡೆಯಲು ಉಪನಿರ್ದೇಶಕರು ಖುದ್ದಾಗಿ ನಾದಿನಿಯವರ ಮನೆಗೆ ಹೋಗತಕ್ಕದ್ದು. ಯಂತ್ರ ಸಿಗದಿದ್ದರೂ ಚಿಂತೆಯಿಲ್ಲ. ಸೂಟ್‌ಕೇಸನ್ನು ಅವರೇ ಹೊತ್ತು ತರತಕ್ಕದ್ದು, ಸೂಟ್‌ಕೇಸಿನವರು ಬರಲೊಪ್ಪಿದಲ್ಲಿ.

ಸಹಿ/-
ಉಪನಿರ್ದೇಶಕರು

ಅನುಮೋದಿಸಿದೆ, ಸಹಿ/-
ಪ್ರಭಾರ ಜಂಟಿ ನಿರ್ದೇಶಕರು

ಓದಿ ಒಪ್ಪಿದೆ, ಸಹಿ/-
ನಿವಾಸಿ

ಪ್ರತಿಗಳು:
೧. ಎಲ್ಲ ವಸತಿಗೃಹಗಳ ಸೂಚನಾ ಫಲಕಕ್ಕೆ. (ಏಣಿಯಿಲ್ಲದೆ ಓದುವಷ್ಟು ಎತ್ತರದಲ್ಲಿ ಅಂಟಿಸುವುದು.)
೨. ಬಡಗಿ ವಿಭಾಗಕ್ಕೆ, ಉಳಿದ ಎಣ್ಣೆಯನ್ನು ಹಿಂದಿರುಗಿಸುವ ಸೂಚನೆಯೊಂದಿಗೆ.
೩. ರವಾನೆ ಶಾಖೆಯ ರೇಡಿಯೊ ಅವರಿಗೆ. ಇದನ್ನು ಉಪನಿರ್ದೇಶಕರ ಧ್ವನಿಯಲ್ಲಿ ಯಾರಿಗೂ ಓದಿ ಹೇಳಕೂಡದು.
೪. ವಿಲೇವಾರಿ ಸಮಿತಿಗೆ, ಇನ್ನು ನೋಡಲು ಏನೂ ಉಳಿದಿಲ್ಲವೆಂಬ ಮಾಹಿತಿಗಾಗಿ.
೫. ನಾದಿನಿಯವರಿಗೆ, ವಂದನೆಗಳೊಂದಿಗೆ. ಷಡ್ಡಕರನ್ನು ಏಣಿಯಿಂದ ಇಳಿಸುವಂತೆ ಕೋರಿಕೆ.
೬. ಧರ್ಮಪತ್ನಿಯವರಿಗೆ, ಮಾಹಿತಿಗಾಗಿ ಹಾಗೂ ದಯಾಪರ ಆದೇಶಕ್ಕಾಗಿ. (ಈ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸತಕ್ಕದ್ದಲ್ಲ, ಸಹಿ ಮಾಡಿದವರೇ ಒಯ್ಯತಕ್ಕದ್ದು. ಕರೆಗಂಟೆಯನ್ನು ಒಮ್ಮೆ ಮಾತ್ರ ಒತ್ತಿ, ಬಾಗಿಲು ತೆರೆಯುವವರೆಗೆ ಹೊರಗೆ ಸುಮ್ಮನೆ ನಿಂತಿರತಕ್ಕದ್ದು. ಮಧ್ಯೆ ಮಧ್ಯೆ ಶಬ್ದ ಮಾಡತಕ್ಕದ್ದಲ್ಲ.)